ಮೀಟುಗೈ ಮೀಮಾಂಸೆ

ಶಾಸ್ತ್ರ ಬರೆಯಹೊರಟವನು ಮೊದಲು ನಾಲ್ಕು ಸಂಗತಿ ಹೇಳಿಬಿಡಬೇಕು ಎಂಬುದು ಹಿರಿಯರು ಮಾಡಿಟ್ಟ ಕಟ್ಟಳೆ. ವಿಷಯ ಯಾವುದು, ಪ್ರಯೋಜನ ಏನು, ಎರಡಕ್ಕೂ ಸಂಬಂಧ ಏನು, ಓದಲು ಅಧಿಕಾರಿ ಯಾರು. ಈ ಶಾಸ್ತ್ರದ ವಿಷಯ, ಗಿಟಾರ್ ಬಾರಿಸುವವರ ಬಲಗೈ. ಪ್ರಯೋಜನ, ಆ ಕೈ ಬೇಗ ಆಡುವುದು ಮತ್ತು ಆಡಿದಾಗ ಹೊಡೆಯಬೇಕಾದ ತಂತಿಯನ್ನೇ ಹೊಡೆಯುವುದು. ಸಂಬಂಧ ಏನೆಂದರೆ, ಇವೆರಡೂ ಒಟ್ಟಿಗೆ ಸಿಗುವುದು ಅಪರೂಪ. ಇನ್ನು ಅಧಿಕಾರಿಯ ಲಕ್ಷಣ: ಸ್ವಂತದ್ದೋ ಅಣ್ಣ ಬಿಟ್ಟುಹೋದದ್ದೋ ಒಂದು ಗಿಟಾರ್ ಇರಬೇಕು, ಒಮ್ಮೆಯಾದರೂ ತಂತಿ ಕಿತ್ತು ಮುಖಕ್ಕೆ ಹೊಡೆದಿರಬೇಕು, ಕೆಳಗಿನ ಮನೆಯಲ್ಲಿ ಸಹನಶೀಲರೋ ಕಿವಿ ಮಂದವಾದವರೋ ವಾಸವಿರಬೇಕು. ಎಡಚರು ಎಲ್ಲವನ್ನೂ ಅದಲುಬದಲು ಮಾಡಿ ಓದಿಕೊಳ್ಳತಕ್ಕದ್ದು.

ದೇಶನಿರ್ಣಯವೂ ಆಗಲಿ. ಈ ಶಾಸ್ತ್ರಕ್ಕೆ ಜಾಲಹಳ್ಳಿಯೇ ಏಕೆ ಬೇಕಿತ್ತು? ಕೈಯ ಕರಾರುವಾಕ್ಕುತನವನ್ನು ಸಂಬಳ ಕೊಟ್ಟು ಸಾಕಿದ ಊರು ಇದು. 1953ರಲ್ಲಿ ಹುಟ್ಟಿದ ಎಚ್‌ಎಂಟಿ ಇಲ್ಲಿ ಲೇಥುಗಳನ್ನು ಮಾಡಿತು. ಮರುವರ್ಷ ಹುಟ್ಟಿದ ಬಿಇಎಲ್ ರೇಡಿಯೋ ವಾಲ್ವು, ಟ್ರಾನ್ಸಿಸ್ಟರುಗಳನ್ನು ಮಾಡಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಕೈ ಹಿಡಿದು ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಶುರುವಾಯಿತು. ಪೂರ್ವಕ್ಕೂ ಪಶ್ಚಿಮಕ್ಕೂ ವಾಯುಪಡೆಯ ನೆಲೆಗಳು, ತುಮಕೂರು ರಸ್ತೆಯ ಆಚೆಗೆ ಪೀಣ್ಯದ ಶೆಡ್ಡುಗಳು. ಅಜ್ಜ ಮೈಕ್ರೋಮೀಟರ್ ಹಿಡಿದು ಬದುಕಿದ ಮನೆಯಲ್ಲಿ ಮೊಮ್ಮಗ ತಂತಿ ಮೀಟುವ ಪಿಕ್ ಹಿಡಿದು ಕೂತಿದ್ದಾನೆ, ಮೊಮ್ಮಗಳು ಟ್ರಿನಿಟಿ ಪರೀಕ್ಷೆಯ ಗ್ರೇಡಿಗೆ ತಯಾರಿ ನಡೆಸಿದ್ದಾಳೆ. ಗುರಿಗೂ ಗುರಿಯ ಹೆಸರಿಗೂ ಇರುವ ಅಂತರ ಇಲ್ಲಿಯವರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಜಾಲಹಳ್ಳಿ ಎಂದು ಬರೆದ ಮೆಟ್ರೋ ನಿಲ್ದಾಣದಲ್ಲಿ ಇಳಿದವರು ಜಾಲಹಳ್ಳಿ ಸೇರಲು ಇನ್ನೂ ಆಟೋದವನ ಜೊತೆ ಮಾತಾಡಬೇಕು.

ಮೊದಲನೆಯದು ಚಲನ ಪ್ರಕರಣ. ಸೂತ್ರ: ಚಲನಂ ಚತುರ್ವಿಧಂ. ವೃತ್ತಿ: ಪಿಕ್ಕು ತಾನಾಗಿ ಅಲುಗುವುದಿಲ್ಲ, ಕೈಯ ಯಾವುದೋ ಕೀಲು ಅದನ್ನು ಅಲುಗಿಸುತ್ತದೆ. ಕೀಲುಗಳು ನಾಲ್ಕು, ಆದ್ದರಿಂದ ಜನವೂ ನಾಲ್ಕು ತರ. ಮಣಿಕಟ್ಟಿನವರು ಮೊದಲನೆಯವರು. ಇವರ ಮುಂಗೈ ಸುಮ್ಮನಿರುತ್ತದೆ, ಹಸ್ತ ಮಾತ್ರ ಮಣಿಕಟ್ಟಿನಲ್ಲಿ ಅತ್ತಿತ್ತ ಹೋಗುತ್ತದೆ. ಸಂಖ್ಯೆಯಲ್ಲಿ ಇವರೇ ಹೆಚ್ಚು, ಪುಸ್ತಕಗಳು ಹೊಗಳುವುದೂ ಇವರನ್ನೇ. ಎರಡನೆಯವರು ಮೊಣಕೈಯವರು. ಮಣಿಕಟ್ಟನ್ನು ಬಿಗಿಹಿಡಿದು ಇಡೀ ಮುಂಗೈಯನ್ನೇ ನಡುಗಿಸುತ್ತಾರೆ. ಒಂದೇ ತಂತಿಯ ಮೇಲೆ ಬಿಟ್ಟರೆ ಇವರ ವೇಗಕ್ಕೆ ಎದುರಿಲ್ಲ. ಪಕ್ಕದ ತಂತಿಗೆ ಹೋಗು ಎಂದರೆ ಮುಖ ಕಪ್ಪಿಡುತ್ತದೆ. ಮೂರನೆಯವರು ಮುಂಗೈ ತಿರುಗಿಸುವವರು. ಇವರ ಮಣಿಕಟ್ಟು ಬಾಗುವುದಿಲ್ಲ, ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಹೊರಳಿ ಹಸ್ತವನ್ನು ತಿರುಗಿಸುತ್ತವೆ. ನಾಲ್ಕನೆಯವರು ಬೆರಳಿನವರು. ಹೆಬ್ಬೆರಳು ಮತ್ತು ತೋರುಬೆರಳಿನ ಗೆಣ್ಣುಗಳು ಮಡಚಿ ಬಿಚ್ಚಿ ಪಿಕ್ಕನ್ನು ನೂಕುತ್ತವೆ. ನೋಡಲು ಬಲು ನಾಜೂಕು, ಆದರೆ ಆ ಸಣ್ಣ ಸ್ನಾಯುಗಳಿಗೆ ಬೇಗ ಸುಸ್ತಾಗುತ್ತದೆ.

ಈ ನಾಲ್ವರಲ್ಲಿ ಯಾರು ಶ್ರೇಷ್ಠರು ಎಂದು ಜಾಲಹಳ್ಳಿಯ ಮಹಡಿ ಕೋಣೆಗಳಲ್ಲಿ ನಡೆಯುವ ವಾದಕ್ಕೆ ಕೊನೆಯಿಲ್ಲ. ಪೂರ್ವಪಕ್ಷ ಹೀಗೆ: ಮಣಿಕಟ್ಟೇ ಶುದ್ಧ, ಮಿಕ್ಕದ್ದೆಲ್ಲ ಅಪಭ್ರಂಶ. ಸಿದ್ಧಾಂತ ಹೀಗೆ: ಶುದ್ಧ ಜಾತಿಯವರು ಯಾರೂ ಇಲ್ಲ, ಎಲ್ಲರೂ ಸಂಕರವೇ, ಯಾವ ಕೀಲಿನ ಪಾಲು ಎಷ್ಟು ಎಂಬುದಷ್ಟೇ ವ್ಯತ್ಯಾಸ. ನಿಮ್ಮದು ಯಾವುದು ಎಂದು ತಿಳಿಯಲು ಗಿಟಾರ್ ಬದಿಗಿಡಿ. ಊಟದ ಮೇಜಿನ ಮೇಲೆ ಕೈ ಊರಿ, ಪಿಕ್ ಹಿಡಿದ ಭಂಗಿಯಲ್ಲೇ ಆದಷ್ಟು ಬೇಗ ಗೀಚಿ. ಭುಜ ಬಿಗಿಯದೆ, ಹಲ್ಲು ಕಚ್ಚದೆ ಯಾವ ಕೀಲು ತಾನಾಗಿ ಓಡುತ್ತದೋ ಅದೇ ನಿಮಗೆ ಹುಟ್ಟಿನಿಂದ ಬಂದದ್ದು. ಅದನ್ನು ಬಿಟ್ಟು ಮೇಷ್ಟ್ರ ಕೀಲನ್ನು ಅನುಕರಿಸಲು ಹೋದವರ ಪಾಡು ಏನೆಂದು ಬೇರೆ ಬರೆಯಬೇಕಾಗಿಲ್ಲ.

ಆಶ್ರಯ ಪ್ರಕರಣ ಚಿಕ್ಕದು. ಕೈಯನ್ನು ಎಲ್ಲಿ ಊರಬೇಕು? ಕಿರುಬೆರಳನ್ನು ಗಿಟಾರಿನ ಎದೆಗೆ ಮೊಳೆ ಹೊಡೆದಂತೆ ನೆಟ್ಟವರು ಕೀಲಕರು, ಹಸ್ತದ ಅಂಚನ್ನು ಬ್ರಿಜ್ಜಿನ ಮೇಲೆ ಮಲಗಿಸಿದವರು ಶಯನಕರು, ಎಲ್ಲಿಯೂ ಊರದವರು ನಿರಾಶ್ರಯರು. ಕೀಲಕರಿಗೆ ಮೇಲಿನ ಎರಡು ದಪ್ಪ ತಂತಿ ದೂರವಾಗುತ್ತವೆ. ನಿರಾಶ್ರಯರಿಗೆ ಎಲ್ಲ ತಂತಿಯೂ ಸಮಾನ ದೂರ, ಸಮಾನ ಕಷ್ಟ. ಶಯನಕರಿಗೆ ಬೇಡದ ತಂತಿಗಳು ತಾವಾಗಿ ಬಾಯಿ ಮುಚ್ಚಿಕೊಂಡಿರುವ ಲಾಭ ಉಂಟು. ಊರಿದರೂ ಊರದಿದ್ದರೂ ಒತ್ತಬಾರದು, ಇಷ್ಟೇ ಇಲ್ಲಿನ ವಿಧಿ.

ಇನ್ನು ದಿಕ್ಕಿನ ಪ್ರಕರಣ. ಹೊಡೆತ ಕೆಳಮುಖ, ಮೇಲ್ಮುಖ ಎಂದು ಎರಡು ಬಗೆ. ಸಿತಾರಿನವರು ತೋರುಬೆರಳಿನ ಮಿಜರಾಬಿನಿಂದ ಒಳಕ್ಕೆ ಎಳೆದರೆ ‘ದಾ’, ಹೊರಕ್ಕೆ ನೂಕಿದರೆ ‘ರಾ’ ಎಂದು ಹೆಸರಿಟ್ಟು, ಎರಡನ್ನೂ ಬೇಗ ಸೇರಿಸಿ ‘ದಿರಿ’ ಎಂದು ಬಾಯಲ್ಲೇ ಅಭ್ಯಾಸ ಮಾಡುತ್ತಾರೆ. ನಮ್ಮ ವೀಣೆಯವರ ದಾರಿ ಬೇರೆ. ತೋರುಬೆರಳು, ನಡುಬೆರಳು ಎರಡೂ ಕೆಳಮುಖವಾಗಿಯೇ ಮೀಟುತ್ತವೆ; ಒಂದು ಮೀಟುವಾಗ ಇನ್ನೊಂದು ಹಿಂದಿರುಗುತ್ತಿರುತ್ತದೆ. ತಾಳದ ತಂತಿಗೆ ಕಿರುಬೆರಳು ಮೇಲ್ಮುಖ. ವೀಣೆ ಶೇಷಣ್ಣನವರಿಂದ (1852–1926) ಹೆಸರಾದ ಮೈಸೂರಿನ ಮೀಟು ನಡೆದದ್ದು ಈ ಬೆರಳುಗಳ ಬಲದಿಂದ. ಗಿಟಾರಿನವನಿಗೆ ಆ ಅನುಕೂಲವಿಲ್ಲ. ಅವನ ಕೈಯಲ್ಲಿರುವುದು ಒಂದೇ ಪಿಕ್, ಹೋದದ್ದು ತಿರುಗಿ ಬರಲೇಬೇಕು. ತಿರುಗಿ ಬರುವಾಗಲೂ ಒಂದು ಸ್ವರ ಹೊಡೆದುಕೊಂಡೇ ಬಾ ಎಂಬುದು ಪರ್ಯಾಯ ಕ್ರಮ. ಬಾರಿಸುವವರ ಮಾತಿನಲ್ಲಿ ಆಲ್ಟರ್ನೇಟ್ ಪಿಕಿಂಗ್. ಶಕ್ತಿ ತಂಡದ ಜಾನ್ ಮೆಕ್‌ಲಾಫ್ಲಿನ್ ಈ ಕ್ರಮದ ಮಹಾಭಾಷ್ಯಕಾರ.

ಬರುವಾಗ ಖಾಲಿ ಕೈಯಲ್ಲಿ ಬರುವವರೂ ಇದ್ದಾರೆ, ಅವರು ಅಧೋಮುಖರು. ಇವರ ಕುಲಗುರು ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಆತ ಬಾರಿಸಿದ ಮೇಲೆ ಬೆಂಗಳೂರಿನಲ್ಲಿ ಎಷ್ಟು ಬಲ ಮುಂಗೈಗಳು ಊದಿಕೊಂಡವೆಂಬುದಕ್ಕೆ ಲೆಕ್ಕವಿಲ್ಲ. ‘ಮಾಸ್ಟರ್ ಆಫ್ ಪಪೆಟ್ಸ್’ ನಿಮಿಷಕ್ಕೆ ಇನ್ನೂರು ದಾಟಿದ ಬಡಿತದಲ್ಲಿ ಓಡುತ್ತದೆ, ಬಡಿತಕ್ಕೆ ಎರಡು ಕೆಳಹೊಡೆತ. ಅಂದರೆ ಸೆಕೆಂಡಿಗೆ ಏಳರ ಹತ್ತಿರ, ಎಲ್ಲವೂ ಕೆಳಗೇ. ಮೂರನೆಯ ಒಂದು ಪಂಗಡವಿದೆ, ಮಿತವ್ಯಯಿಗಳು. ಇವರು ಮುಂದಿನ ತಂತಿ ಯಾವ ದಿಕ್ಕಿನಲ್ಲಿದೆಯೋ ಅದೇ ದಿಕ್ಕಿನ ಹೊಡೆತದಿಂದ ಅದನ್ನೂ ಹೊಡೆದು ಮುಂದುವರಿಯುತ್ತಾರೆ. ಯಾವ ಪಂಗಡದಲ್ಲಿ ಎಷ್ಟು ಪುಣ್ಯವಿದೆ ಎಂದು ಅಳೆಯುವ ಮೊದಲು ತಪ್ಪುಗಳ ಪ್ರಕರಣ ನೋಡಬೇಕು. ಈ ಶಾಸ್ತ್ರದ ತಿರುಳು ಇರುವುದು ಅಲ್ಲಿ.

ದೋಷ ಪ್ರಕರಣ. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆಯುವಾಗ ಗಿಟಾರ್ ನೋಡಿರಲಾರ. ಆದರೂ ಕನ್ನಡ ವೈಯಾಕರಣರು ಸಂಧಿಗೆ ಮಾಡಿದ ವಿಂಗಡಣೆ ಬಲಗೈಯ ತಪ್ಪುಗಳಿಗೆ ಹೇಳಿ ಬರೆಸಿದಂತಿದೆ. ಬರಬೇಕಾದ ಸ್ವರ ಬರದೆ ಹೋದರೆ ಲೋಪ: ‘ಊರು ಊರು’ ಊರೂರು ಆದಂತೆ ನಡುವಿನದೊಂದು ನುಂಗಿಹೋಗುತ್ತದೆ. ಬೇಡದ ಸ್ವರ ನಡುವೆ ತೂರಿ ಬಂದರೆ ಆಗಮ: ‘ಮನೆಯನ್ನು’ ಎನ್ನುವಲ್ಲಿ ಯಕಾರ ಬಂದು ಕೂತಂತೆ, ದಾಟುವಾಗ ಪಿಕ್ ತಗುಲಿ ಬರಿ ತಂತಿಯೊಂದು ‘ಟಿಂಗ್’ ಎನ್ನುತ್ತದೆ. ಒಂದು ತಂತಿಯ ಬದಲಿಗೆ ಇನ್ನೊಂದು ನುಡಿದರೆ ಆದೇಶ: ಮಳೆಯ ಮುಂದಿನ ಕಾಲ ಗಾಲವಾದಂತೆ. ನಾಲ್ಕನೆಯದು ಪ್ರಕೃತಿಭಾವ. ಮುಗಿಯಬೇಕಾದ ಸ್ವರ ಮುಗಿಯದೆ, ಹೊಸ ಸ್ವರದ ಪಕ್ಕದಲ್ಲಿ ತಾನೂ ಹಾಗೆಯೇ ಮೊಳಗುತ್ತಿರುತ್ತದೆ. ವ್ಯಾಕರಣದಲ್ಲಿ ಇವಕ್ಕೆ ಮಾನ್ಯತೆಯಿದೆ. ಗಿಟಾರಿನಲ್ಲಿ ಇಲ್ಲ, ಜಾಸ್ ಬಾರಿಸುವವರು ಬೇಕೆಂದೇ ಹೊಡೆದೆ ಎಂದು ಸಾಧಿಸುವುದನ್ನು ಬಿಟ್ಟರೆ.

ಸಂಧಿಯ ಹೆಸರು ಇಲ್ಲಿಗೆ ಸುಮ್ಮನೆ ಹೊಂದಲಿಲ್ಲ. ತಪ್ಪು ಹುಟ್ಟುವುದು ಎರಡು ತಂತಿ ಕೂಡುವ ಕಡೆ, ಒಂದೇ ತಂತಿಯ ಮೇಲೆ ಅಲ್ಲ. ಒಂದೇ ತಂತಿಯ ಮೇಲೆ ಸೆಕೆಂಡಿಗೆ ಹತ್ತು ಹೊಡೆತ ಹೊಡೆಯುವ ಹುಡುಗರು ಗಂಗಮ್ಮ ಸರ್ಕಲ್‌ನಿಂದ ಎಂಇಎಸ್ ರಸ್ತೆಯ ತನಕ ಬೇಕಾದಷ್ಟು ಸಿಗುತ್ತಾರೆ. ಅವರನ್ನು ಪಕ್ಕದ ತಂತಿಗೆ ಕಳಿಸಿ ನೋಡಿ.

ಸರಳೆ ವರಸೆಯನ್ನೇ ತೆಗೆದುಕೊಳ್ಳೋಣ, ಮಾಯಾಮಾಳವಗೌಳದಲ್ಲಿಯೇ. ಗಿಟಾರಿನ ಆರನೇ ತಂತಿಯಲ್ಲಿ 8, 9, 12ನೇ ಫ್ರೆಟ್ಟುಗಳಲ್ಲಿ ಸ, ರಿ, ಗ. ಐದನೇ ತಂತಿಯಲ್ಲಿ 8, 10, 11ರಲ್ಲಿ ಮ, ಪ, ದ. ನಾಲ್ಕನೇ ತಂತಿಯಲ್ಲಿ 9, 10ರಲ್ಲಿ ನಿ, ಸ. ಮೂರು, ಮೂರು, ಎರಡು. ಪರ್ಯಾಯ ಕ್ರಮದಲ್ಲಿ ಬಾರಿಸಿದರೆ ಸ ಕೆಳಕ್ಕೆ, ರಿ ಮೇಲಕ್ಕೆ, ಗ ಕೆಳಕ್ಕೆ. ಈಗ ಪಿಕ್ ಎಲ್ಲಿದೆ? ಆರನೇ ತಂತಿಗೂ ಐದನೇ ತಂತಿಗೂ ನಡುವಿನ ಓಣಿಯಲ್ಲಿ. ಮುಂದಿನ ಮಕಾರ ಮೇಲ್ಮುಖವಾದ್ದರಿಂದ ಪಿಕ್ಕು ಐದನೇ ತಂತಿಯನ್ನು ಮುಟ್ಟದೆ ಹಾರಿ, ಅದರ ಆಚೆ ಬದಿಗೆ ಹೋಗಿ, ಅಲ್ಲಿಂದ ಮೇಲಕ್ಕೆ ಹೊಡೆಯಬೇಕು. ಓಣಿಯ ಅಗಲ ಬ್ರಿಜ್ಜಿನ ಬಳಿ ಒಂದು ಸೆಂಟಿಮೀಟರ್ ಚಿಲ್ಲರೆ. ಮುಂದೆ ಮ ಮೇಲಕ್ಕೆ, ಪ ಕೆಳಕ್ಕೆ, ದ ಮೇಲಕ್ಕೆ. ಇಲ್ಲಿ ಹಾರಬೇಕಾದದ್ದು ಈಗತಾನೇ ಹೊಡೆದ ತಂತಿಯನ್ನೇ. ಒಂದೇ ಆರೋಹಣದಲ್ಲಿ ಎರಡು ದಾಟು, ಎರಡೂ ಬೇರೆ ಬೇರೆ ಜಾತಿಯವು.

ಹೆಚ್ಚಿನವರು ಪಿಕ್ಕನ್ನು ತಂತಿಗಳ ಸಮತಲಕ್ಕೆ ಸರಿಯಾಗಿ ಆಡಿಸುವುದಿಲ್ಲ, ತುಸು ಓರೆಯಾಗಿ ಆಡಿಸುತ್ತಾರೆ. ಓರೆ ಒಂದು ಕಡೆಗಿದ್ದರೆ ಮೇಲ್ಹೊಡೆತ ಮುಗಿಯುವಾಗ ಪಿಕ್ಕು ತಂತಿಗಳ ಮೇಲೆ ಬಯಲಿಗೆ ಬರುತ್ತದೆ, ಕೆಳಹೊಡೆತ ಮುಗಿಯುವಾಗ ಓಣಿಯಲ್ಲಿ ಸಿಕ್ಕಿಬೀಳುತ್ತದೆ. ಓರೆ ಇನ್ನೊಂದು ಕಡೆಗಿದ್ದರೆ ತದ್ವಿರುದ್ಧ. ಮೊದಲನೆಯ ಜಾತಿಯವನು ಸರಳೆಯನ್ನು ಬೇಗ ಬಾರಿಸಿದರೆ ದ–ನಿ ದಾಟು ಸಲೀಸಾಗಿ ಬರುತ್ತದೆ, ಎಡವುವುದು ಗ–ಮ ನಡುವೆ. ಅವರೋಹಣದಲ್ಲೂ ಎಣಿಸಿ ನೋಡಿ: ಸ ಕೆಳಕ್ಕೆ, ನಿ ಮೇಲಕ್ಕೆ, ದ ಕೆಳಕ್ಕೆ, ಪ ಮೇಲಕ್ಕೆ, ಮ ಕೆಳಕ್ಕೆ. ಮತ್ತೆ ಅದೇ ಮ–ಗ ನಡುವೆ ಸಿಕ್ಕಿಬೀಳುತ್ತಾನೆ. ಎರಡನೆಯ ಜಾತಿಯವನು ಏರುವಾಗಲೂ ಇಳಿಯುವಾಗಲೂ ಎಡವುವುದು ದ–ನಿ ಬಳಿ. ಬಾರಿಸುವವನ ಪಿಕ್ಕಿನ ಓರೆ ಯಾವ ಕಡೆಗೆಂದು ಪಕ್ಕದ ಕೋಣೆಯಲ್ಲಿ ಕಾಫಿ ಕುಡಿಯುತ್ತ ಕಿವಿಯಿಂದಲೇ ಹೇಳಬಹುದು. ಶಾಸ್ತ್ರ ಓದಿದ್ದಕ್ಕೆ ಇಷ್ಟಾದರೂ ಜಂಬ ಬೇಡವೆ?

ಈಗ ಮೊದಲನೆಯ ಜಾತಿಯ ಹುಡುಗನಿಗೆ ಜಂಟಿ ವರಸೆ ಕೊಡಿ. ಸಸ ರಿರಿ ಗಗ. ತಂತಿಗೆ ಆರು ಹೊಡೆತ, ಸಮಸಂಖ್ಯೆ. ಕೊನೆಯದು ಯಾವಾಗಲೂ ಮೇಲ್ಮುಖ. ಪ್ರತಿ ಸಲವೂ ಪಿಕ್ಕು ಬಯಲಿಗೆ ಬಂದೇ ದಾಟುತ್ತದೆ. ಸರಳೆಯಲ್ಲಿ ಮುಗ್ಗರಿಸಿದವನು ಜಂಟಿಯಲ್ಲಿ ಹುಲಿ. ಕಷ್ಟದ ಪಾಠ ಸುಲಭವಾಗಿ, ಸುಲಭದ ಪಾಠ ಕಷ್ಟವಾಗಿ ಕಾಣುವ ಈ ವಿಚಿತ್ರವನ್ನು ಮನೆಯವರು ಸೋಮಾರಿತನ ಎಂದೂ ಕೆಲವು ಮೇಷ್ಟ್ರುಗಳು ಏಕಾಗ್ರತೆಯ ಕೊರತೆ ಎಂದೂ ವ್ಯಾಖ್ಯಾನಿಸುತ್ತಾರೆ. ಎರಡೂ ಅಲ್ಲ, ಬೆಸಸಂಖ್ಯೆಯ ಕಾಟ. ಇನ್ನು ಸ–ಮ, ಗ–ಮ ಎಂದು ತಂತಿಗೊಂದೇ ಸ್ವರವಾಗಿ ಜಿಗಿಯುವ ದಾಟು ವರಸೆ ಬಂದರೆ ಪ್ರತಿ ಹೊಡೆತವೂ ಒಂದು ದಾಟು. ಸರಳೆ, ಜಂಟಿ, ದಾಟು ಎಂಬ ಕ್ರಮವನ್ನು ಕಟ್ಟಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ನಂಬಿಕೆ. ಕಂಠಕ್ಕೂ ವೀಣೆಗೂ ಅದೇ ಸರಿಯಾದ ಕ್ರಮ. ಮೊದಲನೆಯ ಜಾತಿಯ ಓರೆಯಲ್ಲಿ ಪಿಕ್ ಹಿಡಿದವರು ಮಾತ್ರ ದಾಸರಲ್ಲಿ ಕ್ಷಮೆ ಕೋರಿ ಜಂಟಿಯನ್ನು ಮೊದಲು, ಸರಳೆಯನ್ನು ಆಮೇಲೆ ಮಾಡುವುದು ಲೇಸು.

ಪರಿಹಾರ ಮೂರು. ಗಕಾರವನ್ನು ಪಿಕ್ಕಿನಿಂದ ಹೊಡೆಯದೆ ಎಡಗೈ ಬೆರಳನ್ನು ಬಡಿದೇ ನುಡಿಸಿದರೆ ತಂತಿಗೆ ಎರಡೇ ಹೊಡೆತವಾಗಿ ಲೆಕ್ಕ ಸಮವಾಗುತ್ತದೆ. ಅಥವಾ ಮಿತವ್ಯಯಿಗಳ ಹಾಗೆ ಗಕಾರದ ಕೆಳಹೊಡೆತವನ್ನೇ ಮಕಾರಕ್ಕೂ ಮುಂದುವರಿಸಬಹುದು. ಫ್ರಾನ್ಸಿನ ಜ್ಯಾಂಗೋ ರೈನ್‌ಹಾರ್ಟ್‌ನ ಹಾದಿಯವರು ಹೊಸ ತಂತಿಗೆ ಹೋದಾಗಲೆಲ್ಲ ಕೆಳಹೊಡೆತದಿಂದಲೇ ಶುರುಮಾಡುತ್ತಾರೆ. ಇಲ್ಲವೇ ಎರಡೂ ಓರೆಗಳನ್ನು ಕಲಿತು ಸಂದರ್ಭಕ್ಕೆ ತಕ್ಕಂತೆ ಬದಲಿಸಬೇಕು. ಮೂರನೆಯದು ಉತ್ತಮ, ಎರಡನೆಯದು ಮಧ್ಯಮ. ಮೊದಲನೆಯದು ನಾಳೆಯೇ ಕಾರ್ಯಕ್ರಮ ಇರುವವರಿಗೆ.

ಕಾಲ ಪ್ರಕರಣ. ವೇಗವನ್ನು ಹೇಗೆ ಏರಿಸಬೇಕು ಎಂಬಲ್ಲಿ ಎರಡು ಮತಗಳಿವೆ. ಪಿಪೀಲಿಕಾ ಮತದವರು ಮೆಟ್ರೋನೋಮನ್ನು 60ಕ್ಕೆ ಇಟ್ಟು, ತಪ್ಪಿಲ್ಲದೆ ಬಂದ ಮೇಲೆ 65, ಆಮೇಲೆ 70 ಎಂದು ಇರುವೆಯ ಹಾಗೆ ಹತ್ತುತ್ತಾರೆ. ಮಂಡೂಕ ಮತದವರು ನಮ್ಮ ಸಂಗೀತ ಪಾಠದವರು. ತಾಳ ಹಾಗೆಯೇ ಇರುತ್ತದೆ. ಒಂದನೇ ಕಾಲದಲ್ಲಿ ಬಡಿತಕ್ಕೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ನಡುವೆ ಮೆಟ್ಟಿಲಿಲ್ಲ, ಕಪ್ಪೆಯ ಜಿಗಿತವೇ. ಈ ಶಾಸ್ತ್ರಕಾರ ಮಂಡೂಕ ಪಕ್ಷ. ನಿಧಾನಕ್ಕೆ ಬಾರಿಸುವಾಗ ಕೈಗೆ ಬೇಕಾದಷ್ಟು ಪುರುಸೊತ್ತು ಇರುತ್ತದೆ. ಪಿಕ್ಕು ಓಣಿಯಲ್ಲಿ ಸಿಕ್ಕಿಬಿದ್ದರೂ ಎತ್ತಿ, ಒರೆಸಿ, ಆಚೆಗಿಡಬಹುದು. ಆ ಎತ್ತಿಡುವ ಚಲನೆ ಮೂರನೇ ಕಾಲದಲ್ಲಿ ಸಾಧ್ಯವೇ ಇಲ್ಲ. ಇರುವೆಯ ಹಾಗೆ ಹತ್ತಿದವನು ತಿಂಗಳುಗಟ್ಟಲೆ ಒಂದು ತಪ್ಪು ಚಲನೆಯನ್ನು ಶುದ್ಧವಾಗಿ ಕಲಿತು, 110ರ ಹತ್ತಿರ ಗೋಡೆಗೆ ಹಣೆ ಹೊಡೆದುಕೊಳ್ಳುತ್ತಾನೆ. ಮೊದಲೇ ಒಮ್ಮೆ ಜಿಗಿದು ನೋಡಿದವನಿಗೆ ವೇಗದ ಚಲನೆ ಎಂಥದ್ದು ಎಂಬ ಅಂದಾಜಾದರೂ ಸಿಗುತ್ತದೆ. ಆಮೇಲೆ ಅದೇ ಚಲನೆಯನ್ನು ನಿಧಾನಗೊಳಿಸಿ ತಿದ್ದಬಹುದು.

ಮೆಟ್ರೋನೋಮ್ ಇಲ್ಲದ ಮನೆ ಜಾಲಹಳ್ಳಿಯಲ್ಲಿ ಇರಬಹುದು, ಎಚ್‌ಎಂಟಿ ವಾಚು ಇಲ್ಲದ ಮನೆ ಕಡಿಮೆ. ಕೀ ಕೊಡುವ ಜನತಾ ವಾಚಿನೊಳಗಿನ ಚಕ್ರ ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ 5. ಕೀ ತಿರುಗಿಸಿ, ಅದನ್ನು ಅಕೌಸ್ಟಿಕ್ ಗಿಟಾರಿನ ಎದೆಹಲಗೆಯ ಮೇಲೆ ಬೆನ್ನು ಕೆಳಗಾಗಿ ಮಲಗಿಸಿ, ಕಿವಿಯನ್ನು ಹತ್ತಿರ ತನ್ನಿ. ಹಲಗೆ ಆ ಟಿಕ್‌ಟಿಕ್ಕನ್ನು ಎತ್ತಿ ದೊಡ್ಡದು ಮಾಡಿ ಕೊಡುತ್ತದೆ. ಟಿಕ್ಕಿಗೊಂದು ಸ್ವರ ಹೊಡೆದರೆ ಅದು ನಿಮಿಷಕ್ಕೆ 75 ಬಡಿತದ ಮೂರನೇ ಕಾಲ. ಬಡಿತಕ್ಕೆ ಮೂರರಂತೆ ಎಣಿಸುವ ತಿಶ್ರದವರಿಗೆ 100. ಟಿಕ್ಕಿಗೆ ಎರಡು ಹೊಡೆದರೆ ಸೆಕೆಂಡಿಗೆ 10, ಅಂದರೆ 150ರ ಮೂರನೇ ಕಾಲ. ಅಲ್ಲಿಗೆ ತಲುಪಿ, ತಂತಿ ದಾಟುವಾಗಲೂ ಅಲ್ಲಿಯೇ ನಿಂತವರನ್ನು ಯಾವ ವೇದಿಕೆಯಲ್ಲಾದರೂ ವೇಗಿ ಎಂದು ಕರೆಯುತ್ತಾರೆ.

ಉಪಕರಣದ ಬಗ್ಗೆ ಎರಡು ಮಾತು. ಅಂಗಡಿಯ ಪಿಕ್ಕುಗಳು ಅರ್ಧ ಮಿಲಿಮೀಟರಿನಿಂದ ಒಂದೂವರೆಯವರೆಗೂ ಸಿಗುತ್ತವೆ. ತೆಳುವಾದದ್ದು ತಾಳ ಹಾಕಿ ಹಾಡುವವರಿಗೆ, ದಪ್ಪದ್ದು ಒಂದೊಂದೇ ಸ್ವರ ಹೊಡೆಯುವವರಿಗೆ. ಕಾರಣವನ್ನು ಪೀಣ್ಯದ ಯಾವ ಲೇಥಿನವರಾದರೂ ಹೇಳುತ್ತಾರೆ. ಹಿಡಿಚಕ್ರದ ದಿಕ್ಕು ಬದಲಿಸಿದ ಕೂಡಲೇ ಸ್ಲೈಡು ಅಲುಗುವುದಿಲ್ಲ, ಸ್ಕ್ರೂವಿನ ಸಡಿಲು ತುಂಬುವ ತನಕ ಚಕ್ರ ಸುಮ್ಮನೆ ತಿರುಗುತ್ತದೆ. ಅದಕ್ಕೆ ಅವರು ಬ್ಯಾಕ್‌ಲ್ಯಾಷ್ ಎನ್ನುತ್ತಾರೆ. ತೆಳು ಪಿಕ್ಕೂ ಹಾಗೆಯೇ. ಪ್ರತಿ ಹೊಡೆತಕ್ಕೂ ದಿಕ್ಕು ಬದಲಾದಾಗ ಮೊದಲು ತಾನು ಬಾಗಿ ಆಮೇಲೆ ತಂತಿಯನ್ನು ನೂಕುತ್ತದೆ, ಅಷ್ಟರಲ್ಲಿ ಕಾಲ ತಪ್ಪಿರುತ್ತದೆ. ಪಿಕ್ಕಿಗೆ ದುಡ್ಡಿಲ್ಲದವರು ಅವಧಿ ಮುಗಿದ ಡೆಬಿಟ್ ಕಾರ್ಡು ಕತ್ತರಿಸಿ ಅಂಚು ತಿಕ್ಕಿಕೊಳ್ಳಬಹುದು. ಕಾರ್ಡಿನ ದಪ್ಪ 0.76 ಮಿಲಿಮೀಟರ್, ಅಂಗಡಿಯ ಮಧ್ಯಮ ಪಿಕ್ಕಿಗೆ ಹೆಚ್ಚುಕಮ್ಮಿ ಸಮ. ಕ್ವೀನ್ ತಂಡದ ಬ್ರಯನ್ ಮೇ ಬಾರಿಸುವುದು ಇಂಗ್ಲೆಂಡಿನ ಆರು ಪೆನ್ಸಿನ ನಾಣ್ಯದಿಂದ. ನಮ್ಮ ರಾಜೀವ ತಾರಾನಾಥರ ವಾದ್ಯವಾದ ಸರೋದಿಗೆ ತೆಂಗಿನ ಚಿಪ್ಪಿನಿಂದ ಕೆತ್ತಿದ ಜವಾ ಬಳಸುವುದು ಹಳೆಯ ರೂಢಿ. ಆದ್ದರಿಂದ ಪಿಕ್ ಸರಿಯಿಲ್ಲ ಎಂಬ ನೆಪವನ್ನು ಈ ಶಾಸ್ತ್ರ ಒಪ್ಪುವುದಿಲ್ಲ.

ನಿಷೇಧ ಒಂದೇ. ಮುಂಗೈಯಲ್ಲಿ ಉರಿ, ಜೋಮು, ನೋವು ಬಂದರೆ ಆ ದಿನದ ಮಟ್ಟಿಗೆ ಪಿಕ್ ಕೆಳಗಿಡಿ. ಹಗಲೆಲ್ಲ ಆಫೀಸಿನಲ್ಲಿ ಮೌಸ್ ಹಿಡಿದದ್ದೂ ಇದೇ ಕೈ. ನೋವು ಕಳೆಯದಿದ್ದರೆ ವೈದ್ಯರ ಬಳಿ ಹೋಗಿ, ಮೆಟ್ರೋನೋಮಿನ ಬಳಿಯಲ್ಲ.

ಕೊನೆಗೆ ಗಿಟಾರ್ ಕಲಿಸುವವರಲ್ಲಿ ಒಂದು ವಿನಂತಿ. ಎಚ್‌ಎಂಟಿ ಕಾಲೊನಿಯ ಪಡಸಾಲೆಯಲ್ಲಾಗಲಿ, ಜಾಲಹಳ್ಳಿ ಕ್ರಾಸಿನ ಮಹಡಿಯ ಮೇಲಿನ ಕ್ಲಾಸಿನಲ್ಲಾಗಲಿ, ಮಗು ತಡವರಿಸಿದ ಕೂಡಲೇ ‘ನಿಧಾನಕ್ಕೆ ಬಾರಿಸು’ ಎಂದುಬಿಡಬೇಡಿ. ಯಾವ ತಂತಿಯಿಂದ ಯಾವ ತಂತಿಗೆ ಹೋಗುವಾಗ ತಡವರಿಸಿತು, ಆ ಗಳಿಗೆಯಲ್ಲಿ ಪಿಕ್ಕು ಕೆಳಗಿಳಿಯುತ್ತಿತ್ತೋ ಮೇಲೇರುತ್ತಿತ್ತೋ, ಇಷ್ಟನ್ನು ಒಮ್ಮೆ ಬಗ್ಗಿ ನೋಡಿ.